ಹುರುಳಿಗೆ ಸಿಕ್ಕಿ ಹ್ಯಾಂಗರ್ ಮುರೀತು. ಸುಗ್ಗಿ ಮುಗಿಯೋ ತನಕ ಯಾವ ರೋಡ್ ಹಿಡೀತೀರಾ?

ಒಂಟಿ_ಪೆಡಲ್ · ಭಾನುವಾರ ಸಂಜೆ 5.40

ಇವತ್ತು ಬೆಳಿಗ್ಗೆ ಸೈಕಲ್ ರೈಡ್‌ಗೆ ಬಂದಿದ್ದೋರಿಗೆ ಅರ್ಧ ಕಥೆ ಗೊತ್ತು. ಉಳಿದರ್ಧ ಹೇಳ್ತೀನಿ, ನಗೋರು ಒಂದೇ ಸಲ ನಕ್ಕುಬಿಡಿ, ಆಮೇಲೆ ಎರಡು ಪ್ರಶ್ನೆ ಇದೆ, ಅದಕ್ಕೆ ಉತ್ತರ ಬೇಕು.

ಆರು ಗಂಟೆಗೆ ತುಮಕೂರಿನ ಅಮಾನಿಕೆರೆ ಹತ್ರ ಏಳು ಜನ ಸೇರಿದ್ವಿ. ನಾಮದ ಚಿಲುಮೆ ಕಡೆಯಿಂದ ದೇವರಾಯನದುರ್ಗ ಹತ್ತೋದು, ಆ ಕಡೆ ಊರ್ಡಿಗೆರೆಗೆ ಇಳಿಯೋದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಹತ್ತಕ್ಕೆ ಮನೆ. ಬೆಟ್ಟ ಇಳಿಯೋ ತನಕ ಎಲ್ಲಾ ಸರಿಯಾಗೇ ಇತ್ತು. ನನ್ನ ತಲೇಲಿ ಏನ್ ಹೊಕ್ಕಿತೋ, ಕೊರಟಗೆರೆ ಕಡೆ ನಮ್ಮ ಸೋದರತ್ತೆ ಮನೆ ಐತೆ, ಸೊನೆ ಅವರೆಕಾಯಿ ಕಿತ್ತಿಟ್ಟಿದೀನಿ ಬಾರೋ ಅಂತ ಒಂದು ವಾರದಿಂದ ಫೋನ್ ಮಾಡ್ತಾನೇ ಇದ್ರು, ನೀವು ಹೋಗ್ತಿರಿ ನಾನು ಹಂಗೇ ಹೋಗಿ ಬಂದುಬಿಡ್ತೀನಿ ಅಂತ ಗುಂಪು ಬಿಟ್ಟು ಒಳದಾರಿ ಹಿಡಿದೆ.

ಒಂದು ಊರು ದಾಟಿ ತಿರುವು ತಗೊಂಡ್ರೆ ರೋಡೇ ಕಾಣಲ್ಲ. ಈ ಕಡೆ ಬೇಲಿಯಿಂದ ಆ ಕಡೆ ಬೇಲಿ ತನಕ ಹುರುಳಿ ಹರಡವ್ರೆ. ಇಳಿಜಾರು ಬೇರೆ, ಬ್ರೇಕ್ ಹಾಕೋ ಮನಸ್ಸಾಗ್ಲಿಲ್ಲ, ಸೊಪ್ಪು ತಾನೇ ಅಂದ್ಕೊಂಡು ಮೇಲೇ ಬಿಟ್ಟೆ. ಮೊದಲ ಹತ್ತು ಮಾರು ಹಾಸಿಗೆ ಮೇಲೆ ಹೋದಂಗಿತ್ತು, ಸೊಗಸಾಗಿತ್ತು ಅಂತಾನೇ ಹೇಳ್ತೀನಿ. ಆಮೇಲೆ ಪೆಡಲ್ ಗಟ್ಟಿ ಆಯ್ತು. ಗೇರ್ ಸರಿಯಾಗಿ ಬಿದ್ದಿಲ್ಲ ಅಂದ್ಕೊಂಡು ಇನ್ನೊಂದು ಸಲ ಜೋರಾಗಿ ತುಳಿದೆ ನೋಡಿ, ಅದೇ ತಪ್ಪು. ಟಕ್ ಅಂತ ಒಂದು ಸದ್ದು, ಹಿಂದಿನ ಡಿರೈಲರ್, ಅದೇ ಚೈನ್‌ನ ಒಂದು ಗೇರಿಂದ ಇನ್ನೊಂದಕ್ಕೆ ದಾಟಿಸೋ ಭಾಗ, ಹೋಗಿ ಸ್ಪೋಕ್ ಒಳಗೆ ಸಿಕ್ಕೊಂಡು ಚಕ್ರ ನಿಂತೇಹೋಯ್ತು, ನಾನು ಎಡಗಡೆ ಹುರುಳಿ ಮೇಲೆ ಮಲಗಿದ್ದೆ. ಮೊಣಕೈ ತರಚಿದ್ದು ಬಿಟ್ರೆ ಏನೂ ಆಗಿಲ್ಲ, ದೇವರು ದೊಡ್ಡೋನು, ಹುರುಳಿ ಮೆತ್ತಗಿತ್ತು.

ಒಬ್ಬರು ಅಜ್ಜಿ ಕವೆಗೋಲು ಹಿಡ್ಕೊಂಡು ಓಡಿಬಂದ್ರು. ಹೊಡಿಯೋಕೆ ಬಂದ್ರು ಅಂತಾನೇ ಅಂದ್ಕೊಂಡೆ. ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿ, ಪೆಟ್ಟಾಯ್ತೇನಪ್ಪಾ ಅಂತ ಕೇಳಿ, ಸೈಕಲ್ ಕಡೆ ಒಂದು ಸಲ ನೋಡಿ, "ಲಾರಿ ಬಂದಿದ್ರೆ ಕಾಳಾದ್ರೂ ಉದುರ್ತಿತ್ತು ಮಗಾ, ಇದನ್ನ ಯಾಕಪ್ಪ ತಂದೆ?" ಅಂದ್ರು.

ಚೈನು, ಗೇರ್ ಚಕ್ರ, ಚಕ್ರದ ನಡುವಿನ ಹಬ್ಬು, ಎಲ್ಲದಕ್ಕೂ ಬಳ್ಳಿ ಹಗ್ಗ ಹೊಸೆದಂಗೆ ಸುತ್ಕೊಂಡಿತ್ತು. ಅಜ್ಜಿ ಮಗ ಕುಡುಗೋಲು ತಂದು ಕೊಯ್ದು ಕೊಯ್ದು ತೆಗೆಯೋದ್ರೊಳಗೆ ಅರ್ಧ ಗಂಟೆ ಆಯ್ತು. ಹ್ಯಾಂಗರ್ ಎರಡು ತುಂಡು, ಎರಡು ಸ್ಪೋಕ್ ಬೆಂಡು. ತೆಂಗಿನಕಾಯಿ ಹೇರ್ಕೊಂಡು ಟೌನ್‌ಗೆ ಬರ್ತಿದ್ದ ಲಗೇಜ್ ಆಟೋ ಹಿಂದೆ ಕಾಯಿ ಮೇಲೆ ಸೈಕಲ್ಲು, ಸೈಕಲ್ ಪಕ್ಕ ನಾನು. ಅವರೆಕಾಯಿಯೂ ಇಲ್ಲ, ಇಡ್ಲಿಯೂ ಇಲ್ಲ.

ಪ್ರಶ್ನೆ: ಹ್ಯಾಂಗರ್ ತುಮಕೂರಲ್ಲಿ ಎಲ್ಲಾದ್ರೂ ಸಿಗುತ್ತಾ? ಇನ್ನೊಂದು, ಸಂಕ್ರಾಂತಿ ಮುಗಿದು ಒಕ್ಕಣೆ ತಣ್ಣಗಾಗೋ ತನಕ ನೀವೆಲ್ಲಾ ಯಾವ ಕಡೆ ಹೋಗ್ತೀರಾ?

ತಟ್ಟೆಇಡ್ಲಿ_ಸವಾರ · ಭಾನುವಾರ ಸಂಜೆ 6.05

ಅಣ್ಣಾ ಆರು ಸಲ ಫೋನ್ ಮಾಡಿದ್ದೆ. ತೆಗೀಲಿಲ್ಲ ಅಂದಾಗ ಸೋದರತ್ತೆ ಮನೇಲಿ ಹಿತಕಿದ ಬೇಳೆ ಸಾರು ಹೊಡೀತಾವ್ರೆ ಅಂತ ತೀರ್ಮಾನ ಆಯ್ತು. ನಿಮ್ಮ ಪಾಲಿನ ಎರಡು ಇಡ್ಲಿ ನಾನೇ ತಿಂದೆ, ಬಿಲ್ ನಿಮ್ಮ ಲೆಕ್ಕಕ್ಕೆ ಬರ್ಕೊಂಡಿದೀನಿ.

ಗೇರ್_ಗೊಂದಲ · ಭಾನುವಾರ ಸಂಜೆ 6.30

ಹೊಸಬ, ಕೇಳಬಾರದೇನೋ, ಹ್ಯಾಂಗರ್ ಅಂದ್ರೆ ಬಟ್ಟೆ ತೂಗಾಕೋದು ಅಲ್ವಾ? ಸೈಕಲ್‌ನಲ್ಲಿ ಎಲ್ಲಿರುತ್ತೆ?

ಚೈನ್_ಸದ್ದು · ಭಾನುವಾರ ರಾತ್ರಿ 8.15

ಗೊಂದಲ ಅವರೇ, ಹಿಂದಿನ ಚಕ್ರದ ಬಲಗಡೆ, ಡಿರೈಲರ್ ನೇತಾಡ್ತಿರುತ್ತಲ್ಲ, ಅದನ್ನ ಫ್ರೇಮ್‌ಗೆ ಸೇರಿಸೋ ಸಣ್ಣ ತುಂಡು. ಹೆಬ್ಬೆರಳಷ್ಟು ಇರುತ್ತೆ. ಬೇಕಂತಲೇ ಮೆತ್ತನೆ ಅಲ್ಯೂಮಿನಿಯಮ್‌ನಲ್ಲಿ ಮಾಡಿರ್ತಾರೆ, ಏಟು ಬಿದ್ದಾಗ ಅದು ಮುರಿದು ಫ್ರೇಮ್ ಉಳೀಲಿ ಅಂತ. ಮನೇಲಿ ಫ್ಯೂಸ್ ಹೋದಂಗೆ. ಆದ್ರೆ ಫ್ಯೂಸ್ ಎಲ್ಲಾ ಅಂಗಡೀಲಿ ಸಿಗುತ್ತೆ, ಹ್ಯಾಂಗರ್ ಒಂದೊಂದು ಮಾಡೆಲ್‌ಗೂ ಬೇರೆ ಬೇರೆ. ಎರಡು ಸ್ಕ್ರೂ ತೂತು ಒಂದು ಮಿಲಿಮೀಟರ್ ಆಚೀಚೆ ಇದ್ರೂ ಕೂರಲ್ಲ. ಅದಕ್ಕೇ ಸೈಕಲ್ ತಗೊಂಡ ದಿನವೇ ಒಂದು ಹೆಚ್ಚುವರಿ ಹ್ಯಾಂಗರ್ ತಗೊಂಡು ಸೀಟ್ ಬ್ಯಾಗ್‌ಗೆ ಹಾಕ್ಬಿಡಿ ಅಂತ ನಾನು ಹೇಳ್ತಾನೇ ಬಂದಿದೀನಿ, ಯಾರ್ ಕೇಳ್ತೀರಾ.

ಒಂಟಿ ಪೆಡಲ್ ಅಣ್ಣ, ನಿಮ್ಮ ಹತ್ರ ಚೈನ್ ಕಟರ್ ಇರ್ಲಿಲ್ವಾ? ಇದ್ದಿದ್ರೆ ಆಟೋ ಬೇಕಾಗ್ತಿರ್ಲಿಲ್ಲ. ಡಿರೈಲರ್ ಆಚೆ ತೆಗೆದು, ಚೈನ್ ಕತ್ತರಿಸಿ ಗಿಡ್ಡ ಮಾಡಿ, ಹಿಂದಿನ ನಡುವಿನ ಒಂದು ಹಲ್ಲುಚಕ್ರಕ್ಕೆ ನೇರವಾಗಿ ಬರೋ ಹಂಗೆ ಹಾಕಿದ್ರೆ ಒಂದೇ ಗೇರಲ್ಲಿ ಮನೆ ಸೇರಬಹುದು. ಚೈನ್ ಓರೆ ಇರಬಾರದು ಅಷ್ಟೇ. ಓರೆ ಇದ್ರೆ ತುಳೀತಾ ತುಳೀತಾ ದೊಡ್ಡ ಚಕ್ರಕ್ಕೆ ಹತ್ಕೊಂಡು ಬಿಗಿಯಾಗಿ ನಿಂತೋಗುತ್ತೆ. ನನಗೆ ಗುಬ್ಬಿ ರೋಡಲ್ಲಿ ಹಂಗಾಗಿ ಅನುಭವ ಇದೆ.

ಒಂಟಿ_ಪೆಡಲ್ · ಭಾನುವಾರ ರಾತ್ರಿ 8.22

ಚೈನ್ ಕಟರ್ ಇತ್ತು. ಮನೇಲಿ.

ಹಳೇ_ಅಟ್ಲಾಸ್ · ಸೋಮವಾರ ಬೆಳಿಗ್ಗೆ 5.50

ನಿಮ್ಮ ಕಾಲದ ಸೈಕಲ್ಲೇ ಹಿಂಗಪ್ಪ, ಒಂದು ಹುಲ್ಲು ಕಡ್ಡಿ ಸಿಕ್ರೂ ಡಾಕ್ಟರ್ ಬೇಕು. ನಾನು 1983ರಿಂದ ಮೂರು ವರ್ಷ ನಮ್ಮೂರಿಂದ ತುಮಕೂರು ಕಾಲೇಜಿಗೆ ದಿನಾ 16 ಕಿಲೋಮೀಟರ್ ಹೋಗಿ 16 ಬರ್ತಿದ್ದೆ, 22 ಇಂಚಿನ ಗಾಡಿ, ಫುಲ್ ಚೈನ್ ಕವರ್. ಪುಸ್ತಕ ಕ್ಯಾರಿಯರ್‌ಗೆ, ಊಟದ ಡಬ್ಬಿ ಹ್ಯಾಂಡಲ್‌ಗೆ. ರಾತ್ರಿ ಡೈನಮೊ ಟೈರ್‌ಗೆ ಒರೆಸ್ಕೊಂಡು ಗುಂಯ್ ಅನ್ನೋದು, ಬೆಳಕಿಗಿಂತ ಸದ್ದೇ ಜಾಸ್ತಿ, ಏರು ಬಂದ್ರೆ ಬೆಳಕೂ ಇಲ್ಲ. ಲೈಟ್ ಇಲ್ದೆ ಟೌನ್‌ಗೆ ಬಂದ್ರೆ ಪೊಲೀಸ್ನೋರು ಗಾಳಿ ಬಿಟ್ಟು ಕಳಿಸೋರು, ಡಬಲ್ಸ್ ಹೋದ್ರೂ ಅಷ್ಟೇ. ವಾಲ್ ಟ್ಯೂಬ್ ಅಂತ ಒಂದು ಸಣ್ಣ ರಬ್ಬರ್ ಬರ್ತಿತ್ತು, ಮಳೆಗಾಲದಲ್ಲಿ ಅದನ್ನ ಜೇಬಲ್ಲಿ ಎರಡು ಇಂಚು ಇಟ್ಕೊಂಡೋನೇ ಜಾಣ.

ಹಂಗಂತ ಹುರುಳಿ ನಮ್ಮನ್ನೇನು ಬಿಡ್ತಿರ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ಹಿಂದಿನ ಹಬ್‌ಗೆ ಸುತ್ಕೊಳ್ಳೋದು, ಇಳಿದು ಎಳೆದು ಬಿಸಾಕೋದು. ಆದ್ರೆ ಆಗ ರೋಡ್ ಮೇಲೆ ಇಷ್ಟು ಹಾಕ್ತಿರ್ಲಿಲ್ಲ. ಮನೆಗೊಂದು ಕಣ ಇತ್ತು.

ಬೈಪಾಸ್_ಬೇಡಪ್ಪ · ಸೋಮವಾರ ಬೆಳಿಗ್ಗೆ 7.40

ಎಲ್ರೂ ನಗ್ತಾ ಇದೀರಾ, ನನಗೆ ಇದು ನಗೋ ವಿಷಯ ಅಲ್ಲ. ನಮ್ಮ ಭಾವ ಹೋದ ವರ್ಷ ರಾತ್ರಿ ಬೈಕಲ್ಲಿ ಬರೋವಾಗ ರಾಗಿ ರಾಶಿ ಸುತ್ತ ಇಟ್ಟಿದ್ದ ಕಲ್ಲಿಗೆ ಹೊಡೆದು ಭುಜದ ಮೂಳೆ ಮುರ್ಕೊಂಡ್ರು. ರಾಗಿ ಅವತ್ತು ಸಂಜೆಯೇ ತುಂಬ್ಕೊಂಡು ಹೋಗಿದ್ರು, ಕಲ್ಲು ಮಾತ್ರ ಅಲ್ಲೇ. ಹುರುಳಿ ಸೊಪ್ಪು ಕಾರಿನ ಅಡಿಗೆ ಸುತ್ಕೊಂಡು ಸೈಲೆನ್ಸರ್ ಶಾಖಕ್ಕೆ ಬೆಂಕಿ ಹತ್ತಿದ್ದು ಎಷ್ಟು ಸಲ ಪೇಪರಲ್ಲಿ ಓದಿದೀವಿ. ಪ್ರತಿ ವರ್ಷ ರೋಡಲ್ಲಿ ಒಕ್ಕಣೆ ಮಾಡಬೇಡಿ ಅಂತ ಹೇಳ್ತಾನೇ ಇರ್ತಾರೆ, ಪ್ರತಿ ವರ್ಷ ಹಾಕ್ತಾನೇ ಇರ್ತಾರೆ. ರೋಡು ಎಲ್ಲರ ದುಡ್ಡಲ್ಲಿ ಆಗಿರೋದು, ಕಣ ಅಲ್ಲ ಅದು.

ಕಲ್ಪತರು_ಸೀಮೆ · ಸೋಮವಾರ ಬೆಳಿಗ್ಗೆ 9.10

ಬೈಪಾಸ್ ಅಣ್ಣ, ಭಾವನಿಗೆ ಆಗಿದ್ದು ಕೇಳಿ ಬೇಜಾರಾಯ್ತು, ಕಲ್ಲು ಬಿಟ್ಟು ಹೋಗೋದು ತಪ್ಪೇ, ಅದಕ್ಕೆ ನಾನು ವಾದ ಮಾಡಲ್ಲ. ಆದ್ರೆ ನಾವು ರೋಡಿಗೆ ಯಾಕೆ ಬಂದ್ವಿ ಅಂತ ಒಂದು ಸಲ ಕೇಳಿ.

ಕಣ ಅಂದ್ರೆ ಸುಮ್ನೆ ಖಾಲಿ ಜಾಗ ಅಲ್ಲ. ನೆಲ ಸಮ ಮಾಡಿ, ನೀರು ಹಾಕಿ, ತುಳಿದು ಗಟ್ಟಿ ಮಾಡಿ, ಸಗಣಿಯಲ್ಲಿ ಸಾರಿಸಬೇಕು. ನಡುವೆ ಮೇಟಿ ಕಂಬ. ರಾಗಿ ಮೆದೆಯಿಂದ ಅರಿ ಕಿತ್ತು ಹರಡಿ ಎತ್ತಿಗೆ ರೋಣಗಲ್ಲು ಕಟ್ಟಿ ಹೊಡೀಬೇಕು. ನಮ್ಮನೇಲಿ ಕೊನೆ ಜೊತೆ ಎತ್ತು ಮಾರಿ ಹನ್ನೊಂದು ವರ್ಷ ಆಯ್ತು. ಸಗಣಿಗೆ ಇರೋದು ಒಂದು ಸೀಮೆ ಹಸು. ರೋಣಗಲ್ಲು ಬಾಗಿಲ ಮುಂದೆ ಬಿದ್ದಿದೆ, ಅದರ ಮೇಲೆ ಕೂತು ನಮ್ಮಪ್ಪ ಪೇಪರ್ ಓದ್ತಾರೆ. ಕಣ ಇದ್ದ ಜಾಗದಲ್ಲಿ ಅಡಿಕೆ ಸಸಿ ಇಟ್ಟಿದೀವಿ. ಮಷಿನ್ ಬರುತ್ತೆ, ಆದ್ರೆ ಇಡೀ ಊರಿಗೆ ಒಂದೇ ವಾರದಲ್ಲಿ ಬೇಕು, ಅರ್ಧ ಎಕರೆ ಹುರುಳಿ ಇರೋನ ಹೊಲದ ಹತ್ರ ಮಷಿನ್ನೋನು ತಿರುಗೂ ನೋಡಲ್ಲ. ಮನೇಲಿ ಇರೋದು ಅರವತ್ತು ದಾಟಿದ ಇಬ್ಬರು. ಅವರು ಬಡಿದು ಬಡಿದು ಎಷ್ಟು ಬಡಿದಾರು? ರೋಡ್ ಗಟ್ಟಿ ಇದೆ, ಮಣ್ಣು ಸೇರಲ್ಲ, ಹೋಗೋ ಬರೋ ಗಾಡಿ ಪುಕ್ಕಟೆ ತುಳೀತವೆ.

ಒಂಟಿ ಪೆಡಲ್ ಅಣ್ಣಂಗೆ ಎತ್ತಿ ಕೂರ್ಸಿದ್ದು ಯಾರು? ಕುಡುಗೋಲು ತಂದಿದ್ದು ಯಾರು?

ಬೈಪಾಸ್_ಬೇಡಪ್ಪ · ಸೋಮವಾರ ಬೆಳಿಗ್ಗೆ 9.32

ಬೀಳ್ಸಿದೋರೇ ಎತ್ತಿದ್ರೆ ಅದೇನು ಉಪಕಾರನಾ? ಅಜ್ಜಿ ಮೇಲೆ ನನಗೆ ಸಿಟ್ಟಿಲ್ಲ. ತಿರುವಲ್ಲಿ ಹಾಕೋದು, ಇಳಿಜಾರಲ್ಲಿ ಹಾಕೋದು, ಕತ್ತಲಾದ್ಮೇಲೂ ತೆಗೀದೇ ಇರೋದು, ಇಷ್ಟು ಮಾಡಬೇಡಿ ಅಂತಷ್ಟೇ ನಾನು ಹೇಳ್ತಿರೋದು. ನೇರ ಇರೋ ಕಡೆ ಒಂದು ಪಕ್ಕಕ್ಕೆ ಹಾಕ್ಲಿ, ಇನ್ನೊಂದು ಪಕ್ಕ ನಮಗೆ ಬಿಡ್ಲಿ.

ಕಲ್ಪತರು_ಸೀಮೆ · ಸೋಮವಾರ ಬೆಳಿಗ್ಗೆ 9.45

ಅದನ್ನ ನಾನು ಒಪ್ತೀನಿ. ನಮ್ಮಪ್ಪಂಗೆ ಹೇಳಿದ್ರೆ ಬೈತಾರೆ, ಆದ್ರೂ ಹೇಳ್ತೀನಿ.

ಬೆಳಗಿನ_ಸವಾರಿ · ಸೋಮವಾರ ಮಧ್ಯಾಹ್ನ 1.20

ಸದ್ಯ ಇಬ್ರೂ ತಣ್ಣಗಾದ್ರಿ. ನಾನು ನಾಲ್ಕು ವರ್ಷದಿಂದ ಬೆಳಿಗ್ಗೆ ಐದೂವರೆಗೆ ಹೊರಡೋಳು, ಹುರುಳಿ ವರ್ಷಕ್ಕೆ ಒಂದು ತಿಂಗಳು, ನಾಯಿ ಹನ್ನೆರಡು ತಿಂಗಳು, ಅದರ ಬಗ್ಗೆ ಯಾರೂ ಮಾತಾಡಲ್ವಲ್ಲ.

ಮೊದಮೊದಲು ನಾಯಿ ಬಂದ್ರೆ ಜೋರಾಗಿ ತುಳಿಯೋಳು. ಅದು ದಡ್ಡತನ, ಓಡಿದಷ್ಟೂ ಅದಕ್ಕೆ ಹುರುಪು. ಒಂದು ದಿನ ಹಿಂತಿರುಗಿ ನೋಡ್ತಾ ನೋಡ್ತಾ ಹೋಗಿ ಹಂಪ್ ಕಾಣ್ದೆ ಮಣ್ಣಿಗೆ ಬಿದ್ದೆ. ಬಿದ್ದ ತಕ್ಷಣ ಆ ನಾಯಿ ಗಕ್ಕನೆ ನಿಂತು, ಏನಾಯ್ತು ಅನ್ನೋ ತರ ಮುಖ ಮಾಡ್ಕೊಂಡು, ಮೂಸಿ ನೋಡಿ ವಾಪಸ್ ಹೋಯ್ತು. ಅವತ್ತಿಂದ ನಾನು ಬೇಗ ಇಳಿದುಬಿಡ್ತೀನಿ, ಸೈಕಲ್ ನನಗೂ ಅದಕ್ಕೂ ನಡುವೆ ಬರೋ ಹಂಗೆ ಹಿಡ್ಕೊಂಡು, "ಏಯ್, ಮನೆಗೆ ಹೋಗೋ" ಅಂತ ನಮ್ಮಮ್ಮ ಗದರೋ ಧಾಟೀಲಿ ಗದರ್ತೀನಿ. ಹತ್ತರಲ್ಲಿ ಒಂಬತ್ತು ನಾಯಿ ಹೋಗ್ತವೆ. ನೀರಿನ ಬಾಟಲ್‌ನಿಂದ ಮುಖಕ್ಕೆ ಚಿಮ್ಮಿಸಿದ್ರೆ ಹತ್ತನೇದೂ ಹೋಗುತ್ತೆ. ಆದ್ರೂ ಹಲ್ಲು ತಾಕಿದ್ರೆ ಸೋಪು ಹಚ್ಚಿ ಹದಿನೈದು ನಿಮಿಷ ಹರಿಯೋ ನೀರಲ್ಲಿ ತೊಳೆದು ಅವತ್ತೇ ಇಂಜೆಕ್ಷನ್‌ಗೆ ಹೋಗಿ, ಸಂಜೆ ನೋಡೋಣ ನಾಳೆ ನೋಡೋಣ ಬೇಡ.

ನಾಯಿಗಿಂತ ಜನರದ್ದು ಇನ್ನೊಂದು. ಪಂಕ್ಚರ್ ಆಗಿ ನಿಂತಿರಲಿ, ನೀರು ಕುಡಿಯೋಕೆ ನಿಂತಿರಲಿ, "ಯಾಕಮ್ಮ, ಯಜಮಾನ್ರು ಗಾಡಿ ಕೊಡ್ಸಲಿಲ್ವಾ?" ಅಂತ ಕೇಳ್ತಾರೆ. ಈ ಸೈಕಲ್ ರೇಟು ಹೇಳಿದ್ರೆ ಇವತ್ತಿಗೂ ಒಬ್ರೂ ನಂಬಿಲ್ಲ.

ತಟ್ಟೆಇಡ್ಲಿ_ಸವಾರ · ಸೋಮವಾರ ಮಧ್ಯಾಹ್ನ 1.41

ಅಕ್ಕಾ ನನ್ನ ಸೈಕಲ್ ರೇಟೂ ಮನೇಲಿ ಯಾರಿಗೂ ಗೊತ್ತಿಲ್ಲ. ಫ್ರೆಂಡ್ ಕೊಟ್ಟಿದ್ದು ಅಂತ ಹೇಳಿದೀನಿ. ಯಾರೂ ಬಾಯಿ ಬಿಡಬೇಡಿ.

ಮಧುಗಿರಿ_ಕಡೆಯವ · ಸೋಮವಾರ ರಾತ್ರಿ 9.05

ಪಂಕ್ಚರ್ ಅಂದ್ರಲ್ಲ, ಅದಕ್ಕೆ ಬಂದೆ. ನಮ್ಮ ಕಡೆ ರೋಡ್ ಪಕ್ಕ ಇಳಿದ್ರೆ ಮುಗೀತು, ನೆಗ್ಗಿಲು ಮುಳ್ಳು. ಆ ಕಾಯಿ ಹೆಂಗೆ ಬಿದ್ರೂ ಒಂದು ಮುಳ್ಳು ಮೇಲಕ್ಕೇ ಇರುತ್ತೆ. ಜಾಲಿ ಮುಳ್ಳಾದ್ರೆ ಉದ್ದ ಇರುತ್ತೆ ಕಣ್ಣಿಗೆ ಕಾಣುತ್ತೆ. ನೆಗ್ಗಿಲು ಟೈರ್ ಒಳಗೆ ಮುರ್ಕೊಂಡು ತುದಿ ಮಾತ್ರ ಉಳ್ಕೊಳ್ಳುತ್ತೆ, ಹೊಸ ಟ್ಯೂಬ್ ಹಾಕಿ ಎರಡು ಕಿಲೋಮೀಟರ್ ಹೋಗೋದ್ರೊಳಗೆ ಮತ್ತೆ ಪುಸ್. ನಾನು ಒಂದೇ ಬೆಳಿಗ್ಗೆ ಮೂರು ಟ್ಯೂಬ್ ಸುಟ್ಟಿದೀನಿ ಹಿಂಗೆ.

ಉಪಾಯ ಏನಂದ್ರೆ, ಟ್ಯೂಬ್ ತೆಗೆದ್ಮೇಲೆ ಟೈರ್ ಒಳಗಡೆ ಒಂದು ಚೂರು ಹತ್ತಿ ಹಿಡಿದು ನಿಧಾನಕ್ಕೆ ಸುತ್ತ ಒರೆಸ್ಕೊಂಡು ಬನ್ನಿ. ಎಲ್ಲಿ ಮುಳ್ಳಿನ ತುದಿ ಇದೆಯೋ ಅಲ್ಲಿ ಹತ್ತಿ ಎಳೆ ಸಿಕ್ಕೊಂಡು ನಿಲ್ಲುತ್ತೆ. ಬೆರಳಲ್ಲಿ ಹುಡುಕಿದ್ರೆ ಬೆರಳು ಕೊಯ್ಯುತ್ತೆ ಅಷ್ಟೇ. ಹತ್ತಿ ಇಲ್ದಿದ್ರೆ ಹಳೇ ಬನಿಯನ್ ತುಂಡು. ಇನ್ನು ತೂತು ಒಂದಲ್ಲ ಎರಡು ಅಕ್ಕಪಕ್ಕ ಇದ್ರೆ ಅದು ಮುಳ್ಳಲ್ಲ, ಗಾಳಿ ಕಮ್ಮಿ ಇದ್ದು ಗುಂಡಿಗೆ ಬಿದ್ದಾಗ ರಿಮ್ ಕಚ್ಚಿರೋದು, ಮುಳ್ಳು ಹುಡುಕ್ತಾ ಕೂರಬೇಡಿ, ಗಾಳಿ ಜಾಸ್ತಿ ಹಾಕಿ.

ಗೇರ್_ಗೊಂದಲ · ಸೋಮವಾರ ರಾತ್ರಿ 9.30

ಗಾಳಿ ವಿಷಯಕ್ಕೆ ನಂದೂ ಒಂದು ಇದೆ, ಹೇಳೋಕೆ ನಾಚಿಕೆ. ಹೊಸ ಸೈಕಲ್ ತಗೊಂಡ ಎರಡನೇ ವಾರ ಗಾಳಿ ಕಮ್ಮಿ ಅನ್ನಿಸ್ತು, ಪಂಕ್ಚರ್ ಅಂಗಡಿಗೆ ಹೋದೆ. ಅಲ್ಲಿದ್ದ ಯಜಮಾನ್ರು ವಾಲ್ವ್ ನೋಡಿದ್ರು, ತಿರುಗಿಸಿ ನೋಡಿದ್ರು, ಕನ್ನಡಕ ಹಾಕ್ಕೊಂಡು ನೋಡಿದ್ರು. "ಇದ್ರ ಒಳಗಿಂದ ಪಿನ್ನು ಮೇಲೆ ಬಂದ್ಬಿಟ್ಟೈತೆ ಸಾರ್, ಕಂಪನಿಯೋರು ಸರಿಯಾಗಿ ಹಾಕಿಲ್ಲ" ಅಂತ ನಾನು ಬೇಡ ಅನ್ನೋದ್ರೊಳಗೆ ಇಕ್ಕಳದಲ್ಲಿ ಹಿಡಿದು ಕಿತ್ತು ಕೈಗೆ ಕೊಟ್ರು. ಪುಸ್ಸಂತ ಇದ್ದ ಗಾಳಿನೂ ಹೋಯ್ತು. ಅವರೇ ಪಾಪ ಬೇಜಾರ್ ಮಾಡ್ಕೊಂಡು ಟೀ ಕುಡಿಸಿ ದುಡ್ಡು ಬೇಡ ಅಂದ್ರು. ದುಡ್ಡು ಯಾತಕ್ಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಚೈನ್_ಸದ್ದು · ಸೋಮವಾರ ರಾತ್ರಿ 9.48

ಪ್ರೆಸ್ಟಾ ವಾಲ್ವ್. ಆ ಪಿನ್ ಅಲ್ಲೇ ಇರಬೇಕು, ತುದಿ ಸಡಿಲ ಮಾಡಿ ಗಾಳಿ ಹಾಕಿ ಮತ್ತೆ ಬಿಗಿ ಮಾಡೋದು. ಒಂದು ಸಣ್ಣ ಹಿತ್ತಾಳೆ ಅಡಾಪ್ಟರ್ ಸಿಗುತ್ತೆ, ಹಾಕ್ಕೊಂಡ್ರೆ ಬೈಕ್ ಗಾಳಿ ಹಾಕೋ ಕಡೆನೂ ನಡೆಯುತ್ತೆ. ಆ ಅಡಾಪ್ಟರ್‌ನ ಯಾವಾಗ್ಲೂ ವಾಲ್ವ್‌ಗೆ ಹಾಕೇ ಇಟ್ಟಿರಿ. ಆದ್ರೆ ಪೆಟ್ರೋಲ್ ಬಂಕ್ ಕಂಪ್ರೆಸರ್ ಮುಂದೆ ಹುಷಾರು, ಸಣ್ಣ ಟ್ಯೂಬು, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಢಂ.

ಗೇರ್_ಗೊಂದಲ · ಸೋಮವಾರ ರಾತ್ರಿ 9.55

ಇನ್ನೊಂದು ಕೇಳ್ತೀನಿ. ನಾನು ದೇವರಾಯನದುರ್ಗ ಹತ್ತಬಹುದಾ? ಈಗ ಮಠದ ತನಕ ಹೋಗಿ ಬರ್ತೀನಿ ಅಷ್ಟೇ.

ಬೆಳಗಿನ_ಸವಾರಿ · ಮಂಗಳವಾರ ಬೆಳಿಗ್ಗೆ 8.10

ಸಿದ್ಧಗಂಗೆ ತನಕ ಆರಾಮಾಗಿ ಹೋಗ್ತೀರಾ ಅಂದ್ರೆ ದುರ್ಗನೂ ಆಗುತ್ತೆ, ಆತುರ ಬೇಡ. ನಮ್ಮ ಟೌನು 800 ಚಿಲ್ಲರೆ ಮೀಟರ್ ಎತ್ತರದಲ್ಲಿದೆ, ದುರ್ಗದ ನೆತ್ತಿ ಹತ್ತತ್ರ 1,200. ನಾಮದ ಚಿಲುಮೆ ತನಕ ಏರಿಳಿತ, ಅಲ್ಲಿ ನೀರು ಕುಡಿದು ಜಿಂಕೆ ನೋಡಿ ಉಸಿರು ತಗೊಳ್ಳಿ, ಆಮೇಲೆ ನಿಜವಾದ ಏರು. ಕೆಳಗೆ ಭೋಗ ನರಸಿಂಹ, ತುತ್ತತುದೀಲಿ ಯೋಗ ನರಸಿಂಹ. ಮೊದಲ ಸಲ ಬಂದೋರಿಗೆ ಭೋಗ ಸಾಕು, ಯೋಗ ಆಮೇಲೆ ತಾನಾಗೇ ಬರುತ್ತೆ. ಒಬ್ಬರೇ ಕತ್ತಲಲ್ಲಿ ಮಾತ್ರ ಹೋಗಬೇಡಿ, ಕಾಡದು, ಚಿರತೆನೂ ಇದೆ ಕರಡಿನೂ ಇದೆ.

ಬಾಳೆಹಣ್ಣು ಜರ್ಸಿ ಜೇಬಲ್ಲಿ ಸಿಪ್ಪೆ ಕಾಣೋ ಹಂಗೆ ಇಡಬೇಡಿ. ಮೇಲೆ ಕೋತಿಗಳು ಕಾಯ್ತಿರ್ತವೆ. ಹೋದ ಸಲ ನಮ್ಮಲ್ಲೊಬ್ರ ಬೆನ್ನು ಹತ್ತಿ ಕೂತು ಹಣ್ಣು ಎಳೆದು ಅಲ್ಲೇ ಸುಲಿದು ತಿಂದು ಸಿಪ್ಪೆ ಅವರ ಹೆಲ್ಮೆಟ್ ಮೇಲೇ ಇಟ್ಟು ಹೋಯ್ತು. ಆ ಮನುಷ್ಯ ಅಲ್ಲಾಡ್ಲಿಲ್ಲ.

ಹಳೇ_ಅಟ್ಲಾಸ್ · ಮಂಗಳವಾರ ಬೆಳಿಗ್ಗೆ 8.40

ಹತ್ತೋದು ಯಾರಾದ್ರೂ ಹತ್ತುತಾರೆ, ತಳ್ಕೊಂಡಾದ್ರೂ ಹತ್ತಬಹುದು. ಇಳಿಯೋದು ಕಲೀರಿ. ಒಂದೇ ಬ್ರೇಕ್ ಹಿಡ್ಕೊಂಡೇ ಕೂತ್ರೆ ರಿಮ್ ಕಾದು ಟ್ಯೂಬ್ ಹೋಗುತ್ತೆ. ಹಿಡಿ, ಬಿಡು, ಹಿಡಿ, ಬಿಡು. ತಿರುವಿಗೆ ಮುಂಚೆ ಹಿಡಿ, ತಿರುವಲ್ಲಿ ಬಿಡು. ನಾನು ಒಂದು ಸಲ ಬ್ರೇಕ್ ರಬ್ಬರ್ ಸವೆದಿದ್ದ ಗಾಡೀಲಿ ಚಪ್ಪಲಿ ಹಿಂದಿನ ಟೈರ್‌ಗೆ ಒತ್ಕೊಂಡು ಇಳಿದಿದೀನಿ. ಚಪ್ಪಲಿ ಹೊಸದು. ಮನೇಲಿ ಬಿದ್ದ ಏಟು ಬೆಟ್ಟದಲ್ಲಿ ಬೀಳ್ಲಿಲ್ಲ.

ಒಂಟಿ_ಪೆಡಲ್ · ಬುಧವಾರ ರಾತ್ರಿ 9.20

ಹ್ಯಾಂಗರ್ ಸಮಾಚಾರ. ಇಲ್ಲಿ ನಾಲ್ಕು ಅಂಗಡಿ ತಿರುಗಿದೆ, ಇಲ್ಲ. ಆನ್‌ಲೈನ್‌ನಲ್ಲಿ ಸೇಮ್ ಟು ಸೇಮ್ ಅನ್ನೋ ಫೋಟೋ ನೋಡಿ ಆರ್ಡರ್ ಮಾಡಿದ್ದು ಇವತ್ತು ಬಂತು, ಚೈನ್ ಸದ್ದು ಹೇಳಿದಂಗೇ ಸ್ಕ್ರೂ ತೂತು ಕೂರ್ಲಿಲ್ಲ. ಸಿಟ್ಟು ಬಂದು ಮುರಿದ ತುಂಡುಗಳನ್ನ ಜೇಬಿಗೆ ಹಾಕ್ಕೊಂಡು ಪರಿಚಯದ ಒಂದು ಲೇತ್ ಅಂಗಡಿಗೆ ಹೋದೆ. ಬೋರ್‌ವೆಲ್ ಮೋಟರ್ ಶಾಫ್ಟು, ಟ್ರ್ಯಾಕ್ಟರ್ ಪಿನ್ನು ಮಾಡೋ ಅಂಗಡಿ, ನನ್ನ ಹೆಬ್ಬೆರಳಷ್ಟು ತುಂಡು ನೋಡಿ ಅಲ್ಲಿದ್ದ ಹುಡುಗರು ನಕ್ರು. ಯಜಮಾನ್ರು ನಗ್ಲಿಲ್ಲ. ಎರಡು ತುಂಡನ್ನೂ ಜೋಡಿಸಿ ಫೆವಿಕ್ವಿಕ್ ಹಾಕಿ ಅಂಟಿಸಿ, ಮದುವೆ ಕಾರ್ಡಿನ ರಟ್ಟಿನ ಮೇಲಿಟ್ಟು ಪೆನ್ಸಿಲ್‌ನಲ್ಲಿ ಗೀಟೆಳೆದು, ಮೂಲೇಲಿ ಬಿದ್ದಿದ್ದ ಅಲ್ಯೂಮಿನಿಯಮ್ ಪಟ್ಟಿ ತಗೊಂಡು ಗರಗಸ ಹಾಕೋಕೆ ಶುರು ಮಾಡಿದ್ರು. ಅರ ಹಾಕಿ ಹಾಕಿ ನೋಡೋದು, ಸೈಕಲ್‌ಗೆ ಹಿಡಿದು ನೋಡೋದು, ಮತ್ತೆ ಅರ.

ಸಮಸ್ಯೆ ಬಂದಿದ್ದು ಡಿರೈಲರ್ ಕೂರೋ ತೂತಿಗೆ. ಹತ್ತು ಎಂಎಂ ಬೋಲ್ಟು, ಆದ್ರೆ ಮರೆ, ಅಂದ್ರೆ ಬೋಲ್ಟಿನ ಸುರುಳಿ ಗೀರು, ಬಹಳ ಸಣ್ಣದು, ಒಂದು ಎಂಎಂ ಪಿಚ್, ಗೀರಿಂದ ಗೀರಿಗೆ ಅಷ್ಟೇ ಅಂತರ. ಅವರ ಹತ್ರ ಇದ್ದ ಮರೆ ಕೊರೆಯೋ ಟ್ಯಾಪ್ ಎಲ್ಲಾ ಒಂದೂವರೆ, ಒಂದೂಕಾಲು. ಆಗಲ್ಲ ಸಾರ್ ಅಂದ್ರು. ಸ್ವಲ್ಪ ಹೊತ್ತು ಸುಮ್ನೆ ಬೋಲ್ಟ್ ತಿರುಗಿಸ್ತಾ ಕೂತಿದ್ದೋರು, "ಇದು ಪ್ಲಗ್ ಮರೆ ಇದ್ದಂಗೈತಲ್ಲ" ಅಂತ ಎದ್ದು ಎದುರುಗಡೆ ಬೈಕ್ ಗ್ಯಾರೇಜ್‌ಗೆ ಹೋದ್ರು. ಬೈಕ್‌ಗಳ ಸಣ್ಣ ಸ್ಪಾರ್ಕ್ ಪ್ಲಗ್ ಕೂರೋ ಮರೆ ಕೆಟ್ರೆ ಹಾಕೋ ಟ್ಯಾಪ್ ತಂದ್ರು. ಹತ್ತು ಎಂಎಂ, ಒಂದು ಪಿಚ್. ಎಣ್ಣೆ ಬಿಟ್ಕೊಂಡು ಅರ್ಧ ಸುತ್ತು ಮುಂದಕ್ಕೆ ಕಾಲು ಸುತ್ತು ಹಿಂದಕ್ಕೆ, ಹಂಗೇ ಇಳೀತು. ಬೋಲ್ಟ್ ಕೂತಿದ್ದು ನೋಡಿ ನನಗೆ ಕಣ್ಣಲ್ಲಿ ನೀರು ಬರೋದೊಂದು ಬಾಕಿ.

ಮುನ್ನೂರು ರೂಪಾಯಿ ತಗೊಂಡ್ರು. ನಕ್ಕ ಹುಡುಗರಿಗೂ ಸೇರಿಸಿ ಟೀ ಕೊಡ್ಸಿದೆ. ಗೇರ್ ಎಂಟರಲ್ಲಿ ಆರು ಸರಿಯಾಗಿ ಬೀಳ್ತವೆ.

ಚೈನ್_ಸದ್ದು · ಬುಧವಾರ ರಾತ್ರಿ 9.41

ಆ ಯಜಮಾನರಿಗೆ ನನ್ನದೊಂದು ಶರಣು. ಕಬ್ಬಿಣದಲ್ಲಿ ಮಾಡ್ದೆ ಇದ್ದಿದ್ದು ಒಳ್ಳೇದಾಯ್ತು, ಮುಂದಿನ ಸಲ ಅದು ಮುರೀದೆ ಫ್ರೇಮ್ ಮುರೀತಿತ್ತು. ಎರಡು ಗೇರ್ ಬೀಳ್ತಿಲ್ಲ ಅಂದ್ರೆ ಹ್ಯಾಂಗರ್ ಒಂಚೂರು ಒಳಗೆ ಬಾಗಿದೆ. ಭಾನುವಾರ ತನ್ನಿ, ನೋಡೋಣ. ಅಲ್ಲೀ ತನಕ ತೀರಾ ದೊಡ್ಡ ಚಕ್ರಕ್ಕೆ ಹಾಕಬೇಡಿ, ಮತ್ತೆ ಸ್ಪೋಕ್‌ಗೆ ಹೋಗುತ್ತೆ. ಆ ಪೆನ್ಸಿಲ್ ಗೀಟಿನ ರಟ್ಟು ಎಸೀಬೇಡಿ ಮತ್ತೆ!

ಬೈಪಾಸ್_ಬೇಡಪ್ಪ · ಗುರುವಾರ ಬೆಳಿಗ್ಗೆ 7.15

ಮುನ್ನೂರು ರೂಪಾಯಿ, ಆಟೋ ಬಾಡಿಗೆ, ಸ್ಪೋಕು, ಆನ್‌ಲೈನ್ ಹ್ಯಾಂಗರು. ಎಲ್ಲಾ ಸೇರಿಸಿ ಹುರುಳಿ ಎಷ್ಟಕ್ಕೆ ಬಿತ್ತು ಲೆಕ್ಕ ಹಾಕಿ ಅಣ್ಣ. ಸಂತೇಲಿ ಒಂದು ಮೂಟೆ ಬರ್ತಿತ್ತು.

ಒಂಟಿ_ಪೆಡಲ್ · ಭಾನುವಾರ ಮಧ್ಯಾಹ್ನ 12.30

ಲೆಕ್ಕ ಆಮೇಲೆ. ಇವತ್ತು ಬೆಳಿಗ್ಗೆ ಅದೇ ರೋಡಲ್ಲಿ ಹೋಗಿದ್ದೆ. ಹೋದ ವಾರದ ಗಡಿಬಿಡೀಲಿ ನೀರಿನ ಬಾಟಲ್ ಅಲ್ಲೇ ಬಿಟ್ಟಿದ್ದೆ, ಅದು ನೆಪ ಅಂತಲೇ ಇಟ್ಕೊಳ್ಳಿ. ಬೈಪಾಸ್ ಅವರೂ ಜೊತೆಗೆ ಬಂದಿದ್ರು, ಅವರೇ ಬರ್ತೀನಿ ಅಂದ್ರು, ನಾನೇನು ಕರೀಲಿಲ್ಲ.

ಹುರುಳಿ ಮುಗಿದು ರಾಗಿ ಬಿದ್ದಿತ್ತು. ತಿರುವಿಂದ ಸ್ವಲ್ಪ ಮುಂದಕ್ಕೆ, ಒಂದೇ ಪಕ್ಕಕ್ಕೆ. ಬೈಪಾಸ್ ಅವರು ಇಳಿದು ಒಂದೂ ಮಾತಾಡ್ದೆ ಅಂಚಲ್ಲಿದ್ದ ಕಲ್ಲುಗಳನ್ನ ಕಾಲಲ್ಲಿ ಚರಂಡಿ ಕಡೆ ತಳ್ತಾ ಇದ್ರು. ಅಜ್ಜಿ ನೋಡಿ, "ಅದನ್ನ ತೆಗೀಬೇಡ ಕಣಪ್ಪ, ಬಸ್ಸೋನು ರಾಗಿ ಮೇಲೇ ಹತ್ತುಸ್ತಾನೆ" ಅಂದ್ರು. ಇವರು "ಸಂಜೆ ತೆಗೀತೀರಾ?" ಅಂದ್ರು. ಅವರು "ತೆಗೀತೀವಿ" ಅಂದ್ರು. ಇವರು "ತೆಗೀಲೇಬೇಕು" ಅಂದ್ರು. ಹಿಂಗೇ ಐದು ನಿಮಿಷ ಆಯ್ತು. ಆಮೇಲೆ ಇಬ್ರೂ ಕೂತು ಭಾವನ ಭುಜದ ಕಥೆ ಮಾತಾಡಿದ್ರು. ಅಜ್ಜಿ ಯಾವುದೋ ಸೊಪ್ಪಿನ ಪಟ್ಟು ಹೇಳಿದ್ರು, ಇವರು ಮೊಬೈಲಲ್ಲಿ ಬರ್ಕೊಂಡ್ರು, ನಾನು ಕಣ್ಣಾರೆ ನೋಡಿದೀನಿ.

ಬಾಟಲ್ ತೊಳೆದು ಒಳಗಿಟ್ಟಿದ್ರು. ಕೈಗೆ ಕೊಟ್ಟಾಗ ಭಾರ. ಖಾಲಿ ಕೊಡಬಾರ್ದಲ್ಲಪ್ಪ ಅಂತ ಹುರುಳಿ ತುಂಬಿಸವ್ರೆ, ಬಾಯಿ ತನಕ. ಫ್ರೇಮ್‌ಗೆ ಸಿಕ್ಕಿಸ್ಕೊಂಡು ಬಂದೆ, ಗುಂಡಿ ಸಿಕ್ಕಿದಾಗೆಲ್ಲಾ ಗಿಲಕಿ ತರ ಸದ್ದು, ದಾರಿ ಉದ್ದಕ್ಕೂ ನಾಯಿಗಳು ಎದ್ದು ನೋಡ್ತಿದ್ವು, ಒಂದೂ ಅಟ್ಟಿಸ್ಕೊಂಡು ಬರ್ಲಿಲ್ಲ ಬೆಳಗಿನ ಸವಾರಿ ಅಕ್ಕ, ಇದನ್ನ ನೋಟ್ ಮಾಡ್ಕೊಳ್ಳಿ.

ಬೆಳಗಿನ_ಸವಾರಿ · ಭಾನುವಾರ ಮಧ್ಯಾಹ್ನ 12.52

ಮಾಡ್ಕೊಂಡೆ. ಅದ್ರಲ್ಲಿ ಅರ್ಧ ಕಾಳು ರಾತ್ರಿ ನೆನೆ ಹಾಕಿ ಮೊಳಕೆ ಕಟ್ಟಿ, ಕಟ್ಟಿನ ಸಾರು ಚೆನ್ನಾಗಿರುತ್ತೆ.

ಗೇರ್_ಗೊಂದಲ · ಭಾನುವಾರ ಮಧ್ಯಾಹ್ನ 1.10

ಎಲ್ಲಾ ಓದಿದೆ. ಕೊನೆಗೆ ಸುಗ್ಗಿ ಮುಗಿಯೋ ತನಕ ಯಾವ ರೋಡು ಅಂತ ಯಾರೂ ಹೇಳ್ಲೇ ಇಲ್ವಲ್ಲ?

ತಟ್ಟೆಇಡ್ಲಿ_ಸವಾರ · ಭಾನುವಾರ ಮಧ್ಯಾಹ್ನ 1.14

ಅದೇ ರೋಡು. ಆರು ಗಂಟೆ, ಅಮಾನಿಕೆರೆ. ಚೈನ್ ಕಟರ್ ಒಂಟಿ ಪೆಡಲ್ ಅಣ್ಣ ತರ್ತಾರೆ, ಕುಡುಗೋಲು ಯಾರು?